ಆಟಕ್ಕೊಂದು ನೆಪ

ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ವಾದಿ ನನ್ನ ಮೊಮ್ಮಗ. ಪ್ರತಿವಾದಿ ಅವನ ತಾಯಿ, ಅಂದರೆ ನನ್ನ ಮಗಳು. ನ್ಯಾಯಾಧೀಶನ ಪೀಠದಲ್ಲಿ ನನ್ನನ್ನು ಕೂರಿಸಿದ್ದು ನನ್ನ ವಿವೇಕವನ್ನು ಮೆಚ್ಚಿ ಅಲ್ಲ. ಹಣ ಕೊಡುವವನು ನಾನಾಗಿದ್ದೆ, ಅಷ್ಟೆ. ಹುಡುಗ ಹನ್ನೆರಡನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದರೆ ಅವನಿಗೆ ಬೇಕಾದದ್ದನ್ನು ಕೊಡಿಸುವೆನೆಂದು ಎರಡು ವರ್ಷಗಳ ಹಿಂದೆಯೇ ಮಾತು ಕೊಟ್ಟಿದ್ದೆ. ಅವನು ಮುಗಿಸಿದ. ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಮಾತು ಉಳಿಸಿಕೊಳ್ಳುವ ಹೊತ್ತು ಬಂದಾಗ, ‘ಬೇಕಾದದ್ದು’ ಎಂಬ ಶಬ್ದಕ್ಕೆ ಅರ್ಥವೇನು ಎಂಬಲ್ಲಿ ಎಲ್ಲವೂ ಬಂದು ನಿಂತಿತು.

ಹುಡುಗನಿಗೆ ಬೇಕಾದದ್ದು ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರ. ಅವನಿಗಾಗಿ ಅವನ ತಾಯಿಗೆ ಬೇಕಾದದ್ದು ಒಂದು ಚಿಕ್ಕ ಲ್ಯಾಪ್‌ಟಾಪ್. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ನನ್ನ ಉಳಿತಾಯದಲ್ಲಿ ಒಂದಕ್ಕೆ ಮಾತ್ರ ಎಡೆಯಿತ್ತು.

ಇಂಥ ವಿಷಯಗಳಲ್ಲಿ ನನ್ನಷ್ಟೇ ತಿಳಿದ ಓದುಗರಿಗಾಗಿ ಎರಡು ಮಾತು. ಹುಡುಗ ತೋರಿಸಿದ ಯಂತ್ರದ ನಡುವೆ ಏಳು ಅಂಗುಲದ ಪರದೆ, ಎರಡು ಬದಿಗೂ ಹೆಬ್ಬೆರಳಿಗೆ ಎಟಕುವಂತೆ ಗುಂಡಿಗಳು ಮತ್ತು ಸಣ್ಣ ಕಡ್ಡಿಗಳು. ತೂಕ ಮುಕ್ಕಾಲು ಕಿಲೋದೊಳಗೆ. ೨೦೧೭ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ತಂದ ‘ಸ್ವಿಚ್’ ಎಂಬುದು ಶುದ್ಧ ಆಟದ ಯಂತ್ರ. ಅದು ಬೇರೇನೂ ಆಗಿರುವೆನೆಂದು ಹೇಳಿಕೊಳ್ಳಲಿಲ್ಲ. ೨೦೨೨ರಲ್ಲಿ ಬಂದ ‘ಸ್ಟೀಮ್ ಡೆಕ್’, ಮರುವರ್ಷ ಬಂದ ಆಸುಸ್ ಕಂಪೆನಿಯ ‘ಅಲೈ’ ಮುಂತಾದವು ಹಾಗಲ್ಲ. ಅವುಗಳ ಹೊಟ್ಟೆಯೊಳಗಿರುವುದು ಪೂರ್ತಿ ಕಂಪ್ಯೂಟರು. ಮೊದಲನೆಯದರಲ್ಲಿ ಲಿನಕ್ಸ್, ಎರಡನೆಯದರಲ್ಲಿ ವಿಂಡೋಸ್. ಒಂದು ತಂತಿಯ ಮೂಲಕ ಕೀಲಿಮಣೆಯನ್ನೂ ದೊಡ್ಡ ಪರದೆಯನ್ನೂ ಜೋಡಿಸಿದರೆ ಪತ್ರ ಬರೆಯಬಹುದು, ಲೆಕ್ಕ ಮಾಡಬಹುದು, ಪ್ರೋಗ್ರಾಮನ್ನೂ ಬರೆಯಬಹುದು.

ಹುಡುಗನ ವಾದ ನಿಂತದ್ದು ಇದರ ಮೇಲೆಯೇ. “ಅಜ್ಜ, ಇದೂ ಕಂಪ್ಯೂಟರೇ. ಕೀಬೋರ್ಡ್ ಸಿಕ್ಕಿಸಿದ್ರೆ ಕಾಲೇಜಿನ ಕೆಲಸ ಎಲ್ಲ ಇದ್ರಲ್ಲೇ ಆಗ್ತದೆ.”

“ಸಿಕ್ಕಿಸಿದ್ರೆ ಅಲ್ವಾ? ನೀನು ಸಿಕ್ಕಿಸುವುದು ಎಷ್ಟು ದಿನ?” ಎಂದಳು ಮಗಳು. ಅವಳು ಬ್ಯಾಂಕಿನಲ್ಲಿರುವವಳು, ಲೆಕ್ಕ ಹಾಕಿಯೇ ಕೂತಿದ್ದಳು. ಆ ಯಂತ್ರದ ಬ್ಯಾಟರಿಯಲ್ಲಿ ಹಿಡಿಯುವುದು ೪೦ ವಾಟ್-ಅವರ್. ದೊಡ್ಡ ಆಟ ನಡೆಯುವಾಗ ಅದು ೨೦ರಿಂದ ೨೫ ವಾಟ್ ಎಳೆದರೆ ಎರಡು ಗಂಟೆಯೊಳಗೆ ಎಲ್ಲ ಖಾಲಿ. ಚಿಕ್ಕ ಲ್ಯಾಪ್‌ಟಾಪಿನಲ್ಲಿ ೫೦ ವಾಟ್-ಅವರ್ ಇದೆಯೆನ್ನಿ, ಓದಿ ಬರೆಯುವಾಗ ೬ ವಾಟ್ ಖರ್ಚಾಯಿತೆನ್ನಿ, ಎಂಟು ಗಂಟೆ ಬಂತು. ಹುಡುಗ ಬಿಡಲಿಲ್ಲ. “ಬರೆಯುವಾಗ ಇದೂ ಕಡಿಮೆಯೇ ಎಳೀತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡ ಆಟ ಹಾಕಿ ನೋಡು, ಅದು ಕೂಡ ಬಿಸಿಯಾಗಿ ಕುಂಟ್ತದೆ.” ಇಬ್ಬರ ಲೆಕ್ಕವೂ ಸರಿಯೇ. ಒಬ್ಬೊಬ್ಬರೂ ತಮ್ಮದನ್ನು ಅದರ ಒಳ್ಳೆಯ ಹೊತ್ತಿನಲ್ಲಿ ತೂಗಿದ್ದರು, ಎದುರಿನವರದ್ದನ್ನು ಅದರ ಕೆಟ್ಟ ಹೊತ್ತಿನಲ್ಲಿ ತೂಗಿದ್ದರು.

ಅರ್ಧ ಗಂಟೆ ವಾದ ನಡೆಯಿತು. ಅಷ್ಟರಲ್ಲಿ ‘ಉಪಯೋಗ’ ಎಂಬ ಶಬ್ದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ‘ನನಗೆ ಆಡಬೇಕು’ ಎಂಬ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ಹುಡುಗನಿಗೆ ಆಡುವ ಆಸೆ ಇತ್ತು. ಅವನು ಓದಿನ ಮಾತಾಡಿದ. ಮಗಳಿಗೆ, ಹುಡುಗ ಪರವೂರಿನ ಹಾಸ್ಟೆಲಿನಲ್ಲಿ ಕೈತಪ್ಪಿ ಹೋದಾನೆಂಬ ಭಯವಿತ್ತು; ಅವಳು ಬ್ಯಾಟರಿಯ ಮಾತಾಡಿದಳು. ತೀರ್ಪು ನಾಳೆಗೆಂದು ಹೇಳಿ ನಾನು ಎದ್ದೆ. ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆಯೇ ಈ ಲೇಖನದ ವಸ್ತು. ಮನುಷ್ಯ ತನ್ನ ಸಂತೋಷಕ್ಕೆ ಕಾರಣ ಕೊಡಬೇಕೆ? ನಿಜವಾದ ಕಾರಣದ ಬದಲು ಮರ್ಯಾದೆಯ ಕಾರಣವೊಂದನ್ನು ಮುಂದಿಟ್ಟರೆ ಹಾನಿಯಾಗುವುದು ಯಾರಿಗೆ?

ಆಟಕ್ಕೆ ಉಪಯೋಗದ ಅಂಗಿ ತೊಡಿಸುವುದು ನನ್ನ ಮೊಮ್ಮಗ ಕಂಡುಹಿಡಿದ ಉಪಾಯವಲ್ಲ. ನಿಂಟೆಂಡೊ ೧೮೮೯ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ. ೧೯೮೦ರಲ್ಲಿ ಅದು ಅಂಗೈಯಲ್ಲಿ ಹಿಡಿಯುವ ಆಟದ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದ ಒಬ್ಬ ನೌಕರನನ್ನು ಕಂಡು, ಗನ್‌ಪೇ ಯೊಕೊಯಿ ಎಂಬ ತಂತ್ರಜ್ಞನಿಗೆ ಅದರ ಕಲ್ಪನೆ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಆ ಯಂತ್ರದ ಹೆಸರು ‘ಗೇಮ್ ಅಂಡ್ ವಾಚ್’. ಆಟದ ಜೊತೆಗೆ ಅದರಲ್ಲೊಂದು ಗಡಿಯಾರವೂ ಇತ್ತು. ಕೇಳಿದವರಿಗೆ ‘ಹೊತ್ತು ನೋಡುತ್ತಿದ್ದೇನೆ’ ಎನ್ನಬಹುದಾಗಿತ್ತು!

ಉಲ್ಟಾ ದಾರಿಯೂ ಉಂಟು. ೧೯೯೦ರಲ್ಲಿ ಬಂದ ವಿಂಡೋಸಿನ ಮೂರನೆಯ ಆವೃತ್ತಿಯಲ್ಲಿ ಒಂಟಿಯಾಗಿ ಆಡುವ ಇಸ್ಪೀಟಿನ ಆಟವನ್ನು ಸೇರಿಸಿದ್ದರು. ಜನರಿಗೆ ಮೌಸ್ ಹಿಡಿದು ಎಳೆಯುವ ಅಭ್ಯಾಸವಾಗಲೆಂದು ಅದನ್ನಿಟ್ಟರೆಂಬ ಮಾತಿದೆ. ನಮ್ಮ ಆಫೀಸಿಗೆ ಕಂಪ್ಯೂಟರು ಬಂದ ಮೊದಲ ವರ್ಷ ನಾವೆಲ್ಲ ಆ ಅಭ್ಯಾಸವನ್ನು ಎಷ್ಟು ನಿಷ್ಠೆಯಿಂದ ಮಾಡಿದೆವೆಂಬುದನ್ನು ಈಗ ನಿವೃತ್ತನಾದ್ದರಿಂದ ಧೈರ್ಯವಾಗಿ ಬರೆಯಬಲ್ಲೆ. ೨೦೦೭ರಲ್ಲಿ ಆಸುಸ್ ಕಂಪೆನಿ ಮಾರಿದ ಪುಟ್ಟ ಲ್ಯಾಪ್‌ಟಾಪಿನ ಪರದೆ ಏಳೇ ಅಂಗುಲದ್ದಾಗಿತ್ತು, ಇಂದಿನ ಆಟದ ಯಂತ್ರದ ಪರದೆಯಷ್ಟೇ. ಹಾಗಾದರೆ ಆಟಿಕೆ ಯಾವುದು, ಉಪಕರಣ ಯಾವುದು ಎಂಬುದನ್ನು ಅಂಗಡಿಯವನು ಹೇಳಲಾರ. ಅದನ್ನು ಹೇಳಬಲ್ಲವನು ಅದನ್ನು ಹಿಡಿದ ಕೈಯವನೊಬ್ಬನೇ.

ನಮ್ಮಂಥವರು ಈ ಸಂದರ್ಭದಲ್ಲಿ ಕಠೋಪನಿಷತ್ತಿನ ಶ್ರೇಯ ಪ್ರೇಯಗಳನ್ನು ನೆನೆಯುವುದು ಸಹಜ. ಮಗಳೂ ನೆನೆದಳು, ಲ್ಯಾಪ್‌ಟಾಪ್ ಶ್ರೇಯಸ್ಸು, ಆಟದ ಯಂತ್ರ ಪ್ರೇಯಸ್ಸು ಎಂದು ಹಂಚಿಯೂ ಬಿಟ್ಟಳು. ಆದರೆ ಯಮನು ನಚಿಕೇತನ ಮುಂದೆ ಆಮಿಷವಾಗಿ ಒಡ್ಡಿದ ವಸ್ತುಗಳ ಪಟ್ಟಿಯನ್ನು ಒಮ್ಮೆ ನೋಡಿರಿ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ದನಕರು, ಆನೆ, ಕುದುರೆ, ಚಿನ್ನ, ವಿಸ್ತಾರವಾದ ಭೂಮಿ, ಬೇಕಾದಷ್ಟು ಆಯುಸ್ಸು. ವಾದ್ಯಗಳೊಡನೆ ರಥವೇರಿ ಬರುವ ಸುಂದರಿಯರು ಕೊನೆಯಲ್ಲಿ ಬರುತ್ತಾರೆ. ಅಂದರೆ ನಾವು ಮಕ್ಕಳಿಗೆ ‘ಇದು ನಿನ್ನ ಭವಿಷ್ಯಕ್ಕೆ’ ಎಂದು ಹೇಳುವ ಸಂಬಳ, ಮನೆ, ಆಸ್ತಿ, ಸಂಸಾರ ಎಲ್ಲವೂ ಯಮನ ಪಟ್ಟಿಯಲ್ಲಿ ನೃತ್ಯಗೀತಗಳ ಪಕ್ಕದಲ್ಲೇ ಕುಳಿತಿವೆ! ಉಪಯುಕ್ತವಾದದ್ದೆಲ್ಲ ಶ್ರೇಯಸ್ಸು ಎಂದು ಆ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಈ ವ್ಯಾಜ್ಯದಲ್ಲಿ ಶ್ರೇಯಸ್ಸೆಂಬುದು ಏನಾದರೂ ಇದ್ದರೆ ಅದು ಎರಡು ಪೆಟ್ಟಿಗೆಗಳಲ್ಲಿ ಯಾವುದರಲ್ಲೂ ಇಲ್ಲ. ಆರಿಸುವವನು ತನಗೆ ತಾನೇ ಹೇಳಿಕೊಳ್ಳುವ ಮಾತಿನಲ್ಲಿ ಇದೆ.

ಆಟವೆಂದರೆ ಕೀಳು ಎಂಬ ಭಾವನೆಯೂ ನಮ್ಮ ಹಿರಿಯರದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ಐದು ಭಾಗಗಳು. ಮೊದಲಿನವು ರಾಜ್ಯವನ್ನು ಪಡೆಯುವುದು, ಉಳಿಸಿಕೊಳ್ಳುವುದು, ಅದರ ಭೋಗ. ಕೊನೆಯ ಎರಡು ಭಾಗಗಳು ವಿನೋದ ಮತ್ತು ಕ್ರೀಡೆ. ರಾಜ್ಯವಾಳುವವನು ತನ್ನ ಗ್ರಂಥದ ಎರಡು ಭಾಗಗಳನ್ನು ಅವಕ್ಕೆ ಬಿಟ್ಟುಕೊಟ್ಟ. ಅವನ್ನು ಅವುಗಳ ಹೆಸರಿನಿಂದಲೇ ಕರೆದ.

ಇಷ್ಟೆಲ್ಲ ಶಾಸ್ತ್ರ ಹೇಳಿದ ನಾನು ನನ್ನ ಕಥೆಯನ್ನೂ ಹೇಳಬೇಕಲ್ಲ.

೧೯೭೨ರ ಮಾತು. ದಕ್ಷಿಣ ಕನ್ನಡದ ನನ್ನ ಹಳ್ಳಿಯಿಂದ ಮುಂಬಯಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮ ಅನೇಕ ಓದುಗರ ಹಿರಿಯರಂತೆ ನಾನೂ ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಯಲ್ಲಿ ಕಲಿಯುತ್ತಿದ್ದೆ. ತಿಂಗಳಿಗೆ ೪೦ ರೂಪಾಯಿ ಅಮ್ಮನಿಗೆ ಮನಿಆರ್ಡರ್ ಮಾಡುತ್ತಿದ್ದೆ. ಆ ವರ್ಷ ಒಂದು ಟ್ರಾನ್ಸಿಸ್ಟರಿನ ಮೇಲೆ ನನಗೆ ಆಸೆ ಹುಟ್ಟಿತು. ಹಣ ಸಾಲದ್ದಕ್ಕೆ ನಾಲ್ಕು ತಿಂಗಳು ೨೫ ರೂಪಾಯಿಯಂತೆ ಮಾತ್ರ ಊರಿಗೆ ಕಳುಹಿಸಿದೆ. ಅಮ್ಮನಿಗೆ ಬರೆದದ್ದು ಹೀಗೆ: ರೇಡಿಯೋದಲ್ಲಿ ದಿನಾಲೂ ಇಂಗ್ಲಿಷ್ ವಾರ್ತೆ ಕೇಳಿದರೆ ಭಾಷೆ ಸುಧಾರಿಸುತ್ತದೆ, ಮುಂದೆ ಆಫೀಸಿನಲ್ಲಿ ಕೆಲಸ ಸಿಗುತ್ತದೆ. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸನ್ನೂ ಮಾಡಿಸಿದೆ. ಸರಕಾರದ ಮಟ್ಟಿಗೆ ಎಲ್ಲವೂ ಪ್ರಾಮಾಣಿಕವಾಗಿತ್ತು.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಬರುತ್ತಿದ್ದುದು ಆ ಕಾಲದವರಿಗೆ ನೆನಪಿರಬಹುದು. ಬುಧವಾರ ಮಾತ್ರ ನನಗೆ ತಪ್ಪದೆ ತಲೆನೋವು ಬರುತ್ತಿತ್ತು, ಶಾಲೆಗೆ ಹೋಗಲಾಗುತ್ತಿರಲಿಲ್ಲ. ಒಂಬತ್ತು ಗಂಟೆಗೆ ಇಂಗ್ಲಿಷ್ ವಾರ್ತೆ ಶುರುವಾಗುವಾಗ, ಬ್ಯಾಟರಿ ಉಳಿಯಲೆಂದು ರೇಡಿಯೋ ಆರಿಸುತ್ತಿದ್ದೆ.

ಆ ವರ್ಷ ಆಟಿ ತಿಂಗಳಿನಲ್ಲಿ ರಜೆ ಪಡೆದು ರೇಡಿಯೋ ಹಿಡಿದುಕೊಂಡು ಊರಿಗೆ ಹೋದೆ. ಹೊರಗೆ ಬಿಡದ ಮಳೆ. ಮನೆಯ ಚಾವಡಿಯಲ್ಲಿ ಮೂರು ಕಡೆ ಪಾತ್ರೆ ಇಟ್ಟಿದ್ದರು. ಅಡಿಗೆಮನೆಯ ಮಾಡಿಗೆ ಮಾತ್ರ ಆ ಸಲ ಹೊಸ ಮುಳಿಹುಲ್ಲು ಹೊದಿಸಿ, ಚಾವಡಿಯ ಮಾಡನ್ನು ಹಾಗೆಯೇ ಬಿಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅಮ್ಮ ಹೇಳಲೂ ಇಲ್ಲ. ಸೋರುವ ಜಾಗ ಬಿಟ್ಟು ಗೋಡೆಯ ಬದಿಯಲ್ಲಿ ಅಮ್ಮ ಮತ್ತು ಅಕ್ಕ ಚೆನ್ನೆಮಣೆ ಆಡುತ್ತಿದ್ದರು. ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕು ಕುಳಿಗಳ ಮರದ ಮಣೆ, ಕುಳಿಗೆ ನಾಲ್ಕರಂತೆ ಬೀಜಗಳು. ಗದ್ದೆಯ ಕೆಲಸವಿಲ್ಲದ ಆಟಿಯಲ್ಲಿ ಅದನ್ನು ಅಟ್ಟದಿಂದ ಇಳಿಸುವುದು, ತಿಂಗಳು ಮುಗಿದ ಮೇಲೆ ಮತ್ತೆ ಅಟ್ಟಕ್ಕೇರಿಸುವುದು ವಾಡಿಕೆ.

ಅಮ್ಮ ಕೈಯಲ್ಲಿದ್ದ ಬೀಜಗಳನ್ನು ಕೆಳಗಿಟ್ಟು, “ನಿನ್ನ ಇಂಗ್ಲಿಷ್ ವಾರ್ತೆ ಹಾಕು ಮಗಾ, ನಾನೂ ಕೇಳ್ತೇನೆ” ಎಂದರು. ಹಾಕಿದೆ. ಒಂದಕ್ಷರ ತಿಳಿಯದ ಆ ವಾರ್ತೆಯನ್ನು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತು, ಮುಗಿಯುವವರೆಗೂ ಕೇಳಿದರು. “ನಿನಗೆ ಎಲ್ಲ ಅರ್ಥ ಆಗ್ತದಾ?” ಎಂದು ಕೇಳಿದರು. ಹೌದೆಂದೆ. ಆಮೇಲೆ ಅವರು ಬೀಜಗಳನ್ನು ಎತ್ತಿಕೊಂಡು ಅಕ್ಕನ ಜೊತೆ ನಗುತ್ತ ಆಟ ಮುಂದುವರಿಸಿದರು.

ಚಾವಡಿಯ ಮಾಡಿನ ಸಾಲವನ್ನು ಮರುವರ್ಷ ತೀರಿಸಿದೆ. ಮುಂದೆ ಹಂಚನ್ನೂ ಹೊದಿಸಿದೆ. ತೀರದೆ ಉಳಿದದ್ದು ಬೇರೆ. ಸೋರುವ ಮಾಡಿನ ಕೆಳಗೆ ಕುಳಿತು ಆಟವನ್ನು ಆಟವೆಂದೇ ಆಡಿದವರು ಅಮ್ಮ. ಹಾಡು ಕೇಳುವ ಆಸೆಯನ್ನು ವಿದ್ಯೆಯೆಂದು ಕರೆದು, ಅದರ ಬೆಲೆಯನ್ನು ಆಕೆಯಿಂದ ವಸೂಲು ಮಾಡಿದವನು ನಾನು. ‘ಅಮ್ಮಾ, ಹಾಡು ಕೇಳಬೇಕೆಂದು ಬಹಳ ಆಸೆಯಾಗಿದೆ’ ಎಂದು ಬರೆದಿದ್ದರೆ ಆಕೆ ಏನೆನ್ನುತ್ತಿದ್ದರು? ಬೇಡವೆನ್ನುತ್ತಿದ್ದರೆಂದು ನನಗೆ ಈಗ ಅನಿಸುವುದಿಲ್ಲ. ಆದರೆ ಮಾಡು ಮುಖ್ಯವೋ ಹಾಡು ಮುಖ್ಯವೋ ಎಂದು ತೂಗಿ ನೋಡುವ ಹಕ್ಕು ಆಕೆಗೂ ಇರುತ್ತಿತ್ತು. ನೆಪವೆಂಬುದರ ನಿಜವಾದ ಕೇಡು ಇದು. ಅದು ಎದುರಿನವರ ಕೈಗೆ ಸುಳ್ಳು ತಕ್ಕಡಿಯನ್ನು ಕೊಡುತ್ತದೆ. ಅವರು ಎಷ್ಟೇ ನ್ಯಾಯವಾಗಿ ತೂಗಿದರೂ ತೂಕ ತಪ್ಪುತ್ತದೆ.

ಎರಡನೆಯ ಕೇಡು ಹೇಳುವವನಿಗೇ. ನೆಪ ಹೇಳಿ ಹೇಳಿ ಅದು ನನಗೆ ಸ್ವಭಾವವಾಯಿತು. ಈಗಲೂ ಯಕ್ಷಗಾನಕ್ಕೆ ಹೊರಟರೆ ‘ಸಂಘಕ್ಕೆ ಪ್ರೋತ್ಸಾಹ ಕೊಡಬೇಕಲ್ಲ’ ಎನ್ನುತ್ತೇನೆ. ಸಮುದ್ರದ ದಂಡೆಗೆ ಹೋದರೆ ಡಾಕ್ಟರು ನಡೆಯಲು ಹೇಳಿದ್ದಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಕಥೆ ಇದೇ ಇರಬಹುದು. ದುಡಿಯಲು ಬಂದವರು ನಾವು. ಸುಮ್ಮನೆ ಸಂತೋಷಪಟ್ಟರೆ ಊರಿಗೆ ಹೋಗಬೇಕಾದ ಮನಿಆರ್ಡರಿನಿಂದ ಕದ್ದ ಹಾಗೆ ಅನಿಸುತ್ತಿತ್ತು. ಆದ್ದರಿಂದ ಪ್ರತಿಯೊಂದಕ್ಕೂ ‘ಏನು ಉಪಯೋಗ?’ ಎಂದು ಕೇಳಿದೆವು, ಮಕ್ಕಳಿಗೂ ಅದನ್ನೇ ಕಲಿಸಿದೆವು.

ಕಲಿಸಿದ ಪ್ರಶ್ನೆ ತಿರುಗಿ ಬಂತು. ಇದೇ ಮೊಮ್ಮಗ ಹತ್ತು ವರ್ಷದವನಿದ್ದಾಗ, ಅ ಆ ಇ ಈ ತಿದ್ದಿಸಲು ಕೂರಿಸಿದರೆ, “ಕನ್ನಡ ಕಲಿತು ಏನು ಉಪಯೋಗ ಅಜ್ಜ?” ಎಂದು ಕೇಳಿದ್ದ. “ಊರಿಗೆ ಹೋದಾಗ ಬೇಕಾಗ್ತದೆ” ಎಂದೆ. ಊರಿಗೆ ನಾವು ಹೋಗುವುದು ವರ್ಷಕ್ಕೆ ಎಂಟು ದಿನ. ಅಲ್ಲಿಯ ಮಕ್ಕಳೂ ಈಗ ಇಂಗ್ಲಿಷ್ ಮಾತಾಡುತ್ತಾರೆ. ಅದೂ ನೆಪವೇ. ಅವನ ಬಾಯಲ್ಲಿ ನನ್ನ ಭಾಷೆ ಕೇಳುವುದೇ ನನಗೆ ಸಂತೋಷ ಎಂಬುದು ನಿಜವಾದ ಉತ್ತರವಾಗಿತ್ತು. ಅದನ್ನು ಹೇಳಲು ನಾಚಿಕೆಯಾಯಿತು. ಉಪಯೋಗವೊಂದೇ ಅಳತೆಗೋಲಾದರೆ ಆ ಕೋಲಿನ ಮುಂದೆ ಚೆನ್ನೆಮಣೆ ಮಾತ್ರವಲ್ಲ, ಕನ್ನಡವೂ ಗಿಡ್ಡವೇ.

ಹಾಗೆಂದು ಮಗಳ ಭಯ ನಿರಾಧಾರವೆಂದು ನಾನು ಹೇಳುತ್ತಿಲ್ಲ. ಆಟಿ ಮುಗಿದರೆ ಚೆನ್ನೆಮಣೆ ಅಟ್ಟಕ್ಕೇರುತ್ತಿತ್ತು. ಈಗಿನ ಅನೇಕ ಆಟಗಳಿಗೆ ಮುಗಿತಾಯವೇ ಇಲ್ಲ. ದಿನಾಲೂ ಬಂದು ಹಾಜರಿ ಹಾಕಿದವನಿಗೆ ಬಹುಮಾನ ಕೊಟ್ಟು ಹಿಡಿದಿಡುವ ಉಪಾಯಗಳು ಅವುಗಳೊಳಗೇ ಇವೆ. ೨೦೨೨ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಹತೋಟಿ ಮೀರಿದ ಆಟದ ಗೀಳಿಗೂ ಒಂದು ಸ್ಥಾನವಿದೆ. ಅದಕ್ಕೂ ಮೊದಲು, ೨೦೧೩ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಇಂಥ ಗೀಳನ್ನು ಇನ್ನೂ ಅಧ್ಯಯನವಾಗಬೇಕಾದ ವಿಷಯವೆಂದು ಸೇರಿಸಿ, ಒಂಬತ್ತು ಲಕ್ಷಣಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದು ನನ್ನ ಗಮನ ಸೆಳೆಯಿತು: ಎಷ್ಟು ಆಡುತ್ತೇನೆಂಬ ಬಗ್ಗೆ ಮನೆಯವರಿಗೆ ಸುಳ್ಳು ಹೇಳುವುದು. ಆಟ ಹಾಳುಮಾಡುವ ದಾರಿಯಲ್ಲಿ ಸುಳ್ಳೂ ಒಂದು ಮೈಲಿಗಲ್ಲು ಎಂದಾಯಿತು. ಓದಿನ ಹೆಸರಿನಲ್ಲಿ ಮನೆಗೆ ಬಂದ ಯಂತ್ರ ಆ ಕಲ್ಲನ್ನು ಮೊದಲ ದಿನವೇ ದಾಟಿರುತ್ತದೆ. ಆಡಿದ ಪ್ರತಿ ಗಳಿಗೆಯನ್ನೂ ಅದು ಮರೆಸಲೇಬೇಕು. ಆಟವೆಂದೇ ಒಪ್ಪಿ ತಂದದ್ದಕ್ಕೆ ‘ಸಾಕು’ ಎನ್ನಬಹುದು. ಓದೆಂದು ತಂದದ್ದಕ್ಕೆ ‘ಸಾಕು’ ಎನ್ನುವುದು ಹೇಗೆ?

ಮರುದಿನ ಇಬ್ಬರನ್ನೂ ಕೂರಿಸಿ ಟ್ರಾನ್ಸಿಸ್ಟರಿನ ಕಥೆಯನ್ನು ಹೇಳಿದೆ. ಐವತ್ತು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಅಜ್ಜಿಗೆ ಗೊತ್ತಾಗಲೇ ಇಲ್ವಾ ಅಪ್ಪ?” ಎಂದು ಮಗಳು ಕೇಳಿದಳು.

“ಇಲ್ಲ” ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ತೀರ್ಪು ಕೊಟ್ಟೆ. ‘ನಿನಗೆ ಬೇಕಾದದ್ದು’ ಎಂದು ಮಾತು ಕೊಟ್ಟವನು ನಾನು. ಆದ್ದರಿಂದ ಆಯ್ಕೆ ಹುಡುಗನದೇ. ಷರತ್ತು ಒಂದೇ. ಯಾವುದನ್ನು ಆರಿಸಿದರೂ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಆಟಕ್ಕೆ ಬೇಕಾದರೆ ಆಟಕ್ಕೆ ಎನ್ನಬೇಕು. ಹಾಗೆಂದರೆ ತಾಯಿ ಹೀಯಾಳಿಸಬಾರದು.

ನಾಲ್ಕು ದಿನ ಕಳೆದು ಹುಡುಗ ನನ್ನ ಬಳಿ ಬಂದ. “ಲ್ಯಾಪ್‌ಟಾಪೇ ಇರ್ಲಿ ಅಜ್ಜ. ಕಾಲೇಜಿಗೆ ದಿನಾಲೂ ಕಂಪ್ಯೂಟರ್ ಬೇಕು. ಆ ಇನ್ನೊಂದು ನನಗೆ ಆಡ್ಲಿಕ್ಕೇ ಬೇಕಿತ್ತು. ಕೀಬೋರ್ಡು ನಾನು ಸಿಕ್ಕಿಸ್ತಿರಲಿಲ್ಲ.”

“ಆಸೆ ಹೋಯ್ತಾ?”

“ಇಲ್ಲ, ಉಂಟು.”

ಇದನ್ನು ನನ್ನ ಉಪದೇಶದ ಗೆಲುವೆಂದು ಓದುಗರು ತಿಳಿಯಬಾರದು. ಅವನು ಇನ್ನೊಂದನ್ನೇ ಕೇಳಿದ್ದರೂ ಹಣ ಕೊಡುತ್ತಿದ್ದೆ. ಕೊಡುವಾಗ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು, ಮಗಳು ಒಂದು ವಾರ ನನ್ನೊಡನೆ ಮಾತು ಬಿಡುತ್ತಿದ್ದಳು. ಆದರೂ ನಮ್ಮ ಮನೆಯಲ್ಲಿ ಒಂದು ಸುಳ್ಳು ಕಡಿಮೆಯಾಗುತ್ತಿತ್ತು. ಅವನು ಆರಿಸಿದ ವಸ್ತುವಿಗಿಂತ ‘ಉಂಟು’ ಎಂದು ಅವನು ಒಪ್ಪಿಕೊಂಡದ್ದೇ ನನಗೆ ದೊಡ್ಡದಾಗಿ ಕಂಡಿತು.

ಲ್ಯಾಪ್‌ಟಾಪ್ ಬಂತು. ಪುಣೆಗೆ ಹೊರಡುವ ಹಿಂದಿನ ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಹುಡುಗ ಅದನ್ನು ಮೇಜಿನ ಮೇಲೆ ತೆರೆದಿಟ್ಟು, “ಅಮ್ಮ, ಈಗ ಒಂದು ಗಂಟೆ ಆಡ್ತೇನೆ” ಎಂದ. ಮಗಳು ನನ್ನ ಮುಖ ನೋಡಿದಳು. ಏನೋ ಹೇಳಲು ಹೊರಟವಳು ಹೇಳದೆ, ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, “ಇದ್ರಲ್ಲಿ ಗೆಲ್ಲುವುದು ಹೇಗೆ?” ಎಂದು ಕೇಳಿದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಸಮುದ್ರದ ಕಡೆಗೆ ಹೊರಟೆ. ಡಾಕ್ಟರು ಹೇಳಿದ್ದಾರೆಂದು ಅಲ್ಲ, ಗಾಳಿ ಚೆನ್ನಾಗಿತ್ತು.